ಹಗ್ಗ ಸಡಿಲಿದರೆ ನಿಲ್ಲುವ ಕುದುರೆ

ಡೋರೀನ್ ಕ್ವಾಲೆಗೆ ಐವತ್ತೆರಡು ತುಂಬಿದ ಚಳಿಗಾಲದಲ್ಲಿ ಅವಳ ಕೆಲಸ ಹೋಯಿತು. ಯಾರೂ ಅವಳನ್ನು ಬಾ ಎಂದು ಕರೆದು ಕೆಲಸದಿಂದ ತೆಗೆಯಲಿಲ್ಲ. ತಮ್ಮ ರಾಯ್ಸ್ ಒಂದು ಟ್ರ್ಯಾಕ್ಟರ್ ತಂದ, ಅಷ್ಟೇ.

ಮೊಂಟಾನಾದ ಡೆಲ್ವಿನ್ ಕಣಿವೆಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಹುಲ್ಲುಗಾವಲು ಸೊಂಟದೆತ್ತರದ ಹಿಮದ ಕೆಳಗೆ ಮಲಗಿರುತ್ತದೆ. ಅಷ್ಟು ದಿನವೂ ದನಗಳಿಗೆ ಮೇವು ಹಾಕಲೇಬೇಕು. ಕ್ವಾಲೆ ಮನೆಯವರು ಮೂರು ತಲೆಮಾರಿನಿಂದ ಆ ಕೆಲಸವನ್ನು ಹಿಮಬಂಡಿಯಲ್ಲೇ ಮಾಡಿಕೊಂಡು ಬಂದಿದ್ದರು. ಮುಂದೆ ಜೋಡಿ ಕುದುರೆ, ಹಿಂದೆ ಒಣಹುಲ್ಲಿನ ರಾಶಿ, ರಾಶಿಯ ಮೇಲೆ ಕವೆಗೋಲು ಹಿಡಿದ ಒಬ್ಬರು. ಡೋರೀನ್ ಒಂಬತ್ತನೆಯ ವಯಸ್ಸಿಗೆ ಆ ರಾಶಿ ಹತ್ತಿದವಳು. ನಡುವೆ ಮದುವೆಯಾಗಿ ಮರದ ಮಿಲ್ಲಿನ ಊರಿಗೆ ಹೋದಳು. ನಾಲ್ಕು ವರ್ಷದ ಮೇಲೆ, ಕಾರಣ ಯಾರಿಗೂ ಹೇಳದೆ, ಒಂದು ಪೆಟ್ಟಿಗೆ ಒಂದು ನಾಯಿಯ ಜೊತೆ ಹಿಂತಿರುಗಿದಳು. ಅವಳ ಅಪ್ಪನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಕವೆಗೋಲನ್ನು ಅವಳ ಕೈಗೆ ಕೊಟ್ಟ. ಅವತ್ತಿನಿಂದ ಬೆಳಿಗ್ಗೆ ಶಾಲೆಯ ಬಸ್ಸು ಓಡಿಸಿ, ಬಂದು ಮೇವು ಹಾಕಿ, ಮಧ್ಯಾಹ್ನ ಮತ್ತೆ ಬಸ್ಸು ಓಡಿಸುವುದೇ ಅವಳ ಬದುಕಾಯಿತು. ಅದರಲ್ಲಿ ಅವಳಿಗೆ ಕೊರತೆಯೇನೂ ಕಂಡಿರಲಿಲ್ಲ.

ಆ ಅಕ್ಟೋಬರಿನಲ್ಲಿ ಜೋಡಿಯಲ್ಲೊಂದು, ಮಾರ್ತಾ ಎಂಬ ಕುದುರೆ, ಹೊಟ್ಟೆಶೂಲೆಯಿಂದ ಸತ್ತಿತು. ಉಳಿದದ್ದು ಟಿಲ್ಡಾ. ಹದಿನೈದು ವರ್ಷದ ಬೂದು ಬಣ್ಣದ ಹೆಣ್ಣು ಕುದುರೆ. ಅರ್ಧ ಭಾರ ಎಳೆಯುವ ತಳಿ, ಅರ್ಧ ಸವಾರಿ ತಳಿ. ಅದರ ಗೊರಸು ಊಟದ ತಟ್ಟೆಯಷ್ಟು ಅಗಲ.

“ಒಂಟಿ ಕುದುರೆ ಅಂದ್ರೆ ಒಂಟಿ ಬೂಟಿದ್ದ ಹಾಗೆ, ಡೋರಿ,” ಎಂದ ರಾಯ್ಸ್, ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ. “ಎಷ್ಟೇ ಗಟ್ಟಿ ಇದ್ರೂ ಹಾಕ್ಕೊಂಡು ನಡೆಯೋಕಾಗಲ್ಲ.”

“ಇನ್ನೊಂದನ್ನ ತಂದು ಜೋಡಿ ಮಾಡೋಣ.”

“ಟ್ರ್ಯಾಕ್ಟರ್ ತಂದಾಗಿದೆ. ಅದಕ್ಕೆ ಹೊಟ್ಟೆಶೂಲೆ ಬರಲ್ಲ.”

“ಮೈನಸ್ ನಲವತ್ತಕ್ಕೆ ಸ್ಟಾರ್ಟೂ ಆಗಲ್ಲ.”

ರಾಯ್ಸ್ ಅದನ್ನು ಕೇಳಿಸಿಕೊಳ್ಳದವನಂತೆ ಮುಂದುವರಿದ. “ಬೆಟ್ಟದ ಆಚೆ ಹೋಟೆಲಿನವನು ಕೇಳ್ತಿದಾನೆ. ಪ್ರವಾಸಿಗಳನ್ನ ಕೂರಿಸ್ಕೊಂಡು ಸುತ್ತಾಡಿಸೋ ಬಂಡಿಗೆ. ಕೊರಳಿಗೆ ಗೆಜ್ಜೆ, ತಲೆಗೆ ಕೆಂಪು ರಿಬ್ಬನ್. ಸುಖದ ಕೆಲಸ.”

“ಟಿಲ್ಡಾಗೆ ರಿಬ್ಬನ್ನಾ?”

“ಅಪ್ಪನ ಮಾತು ನಿಂಗೂ ಗೊತ್ತು. ಕೆಲಸ ಇಲ್ಲದ ಕುದುರೆಗೆ ಈ ಮನೇಲಿ ಹುಲ್ಲಿಲ್ಲ.”

“ಹಾಗಿದ್ರೆ ಕೆಲಸ ನಾನು ಕೊಡ್ತೀನಿ.”

“ಯಾವ ಕೆಲಸ?”

ಡೋರೀನ್ ಅಡುಗೆಮನೆಯ ಸುತ್ತ ಕಣ್ಣಾಡಿಸಿದಳು. ಫ್ರಿಜ್ಜಿನ ಬಾಗಿಲ ಮೇಲೆ ಫೆಬ್ರುವರಿಯ ಪಂದ್ಯದ ಚೀಟಿ ಅಂಟಿಸಿತ್ತು. ಆ ಪಂದ್ಯದಲ್ಲಿ ಎಂಟು ವರ್ಷದಿಂದ ಮೈಕ್ ಹಿಡಿಯುವವನು ರಾಯ್ಸೇ. ಅವಳು ಚೀಟಿಯನ್ನು ನೋಡಿದಳು, ಅದರ ಮೇಲಿದ್ದದ್ದನ್ನು ಹಾಗೆಯೇ ಓದಿದಳು.

“ಸ್ಕೀಜೋರಿಂಗ್.”

ರಾಯ್ಸ್ ನಕ್ಕ ರಭಸಕ್ಕೆ ಕಾಫಿ ಮೇಜಿನ ಮೇಲೆ ಚೆಲ್ಲಿತು. ಅವನು ನಕ್ಕದ್ದರಲ್ಲಿ ತಪ್ಪಿರಲಿಲ್ಲ. ಊರಿನ ದೊಡ್ಡ ಬೀದಿಗೆ ಹಿಮ ತುಂಬಿ, ಸವಾರ ಕುಳಿತ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸುತ್ತಾರೆ. ಜೀನಿಗೆ ಕಟ್ಟಿದ ಮೂವತ್ಮೂರು ಅಡಿ ಹಗ್ಗ ಹಿಡಿದು ಒಬ್ಬರು ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಂದೆ ಜಾರುತ್ತ ಬರುತ್ತಾರೆ. ಅವರು ಎಡಕ್ಕೆ ಬಲಕ್ಕೆ ನೆಟ್ಟ ಬಾವುಟಗಳನ್ನು ಸುತ್ತಬೇಕು, ಮೂರು ಹಿಮದ ದಿಬ್ಬ ಹಾರಬೇಕು, ಕಂಬಕ್ಕೆ ತೂಗುಬಿಟ್ಟ ಬಳೆಗಳನ್ನು ಕಿತ್ತುಕೊಳ್ಳಬೇಕು. ಬಾವುಟ, ಬಳೆ ತಪ್ಪಿದರೆ ಸೆಕೆಂಡುಗಳ ದಂಡ. ಹಗ್ಗ ಕೈಬಿಟ್ಟರೆ, ಬಿದ್ದರೆ, ಲೆಕ್ಕಕ್ಕೇ ಇಲ್ಲ. ಅಲ್ಲಿ ಓಡುವವು ಜಿಂಕೆಕಾಲಿನ ರೇಸ್ ಕುದುರೆಗಳು.

“ಇವಳು ಓಡಿದ್ರೆ ಬೀದೀಲಿರೋ ಅಂಗಡಿ ಗಾಜೆಲ್ಲ ಉದುರುತ್ತೆ,” ಎಂದ ರಾಯ್ಸ್.

“ಉದುರ್ಲಿ.”

“ಸರಿ. ಪಂದ್ಯದ ಶನಿವಾರ ಹೊಸಬರ ಓಟದಲ್ಲಿ ಕೊನೆ ಗೆರೆ ಮುಟ್ಟಿ ಅವಳಿಗೆ ಒಂದು ಟೈಮ್ ಬಂದ್ರೆ ಇಲ್ಲೇ ಇರ್ಲಿ. ಬರ್ಲಿಲ್ಲ ಅಂದ್ರೆ ಸೋಮವಾರ ಹೋಟೆಲಿನ ಗಾಡಿ ಬರುತ್ತೆ. ಗೆಲ್ಲೋದೇನೂ ಬೇಡ, ಪಾಪ. ಟೈಮ್ ಬಂದ್ರೆ ಸಾಕು.”

ಆ ‘ಪಾಪ’ ಡೋರೀನಳ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಹಿಂದೆ ಹಗ್ಗ ಹಿಡಿಯಲು ಒಬ್ಬರು ಬೇಕಿತ್ತು. ಊರಿನ ಹುಡುಗರೆಲ್ಲ ವೇಗದ ಕುದುರೆಗಳಿಗೆ ಮೊದಲೇ ಮಾತು ಕೊಟ್ಟಿದ್ದರು. ಕೊನೆಗೆ ಸಿಕ್ಕವನು ಗೇಲನ್ ಪಿಕಾಟ್. ಊರ ಮೇಲಿನ ಗುಡ್ಡದಲ್ಲಿ ಸ್ಕೀ ಮಾಡುವವರನ್ನು ಮೇಲಕ್ಕೆ ಎಳೆಯುವ ಯಂತ್ರ ರಿಪೇರಿ ಮಾಡುವವನು. ಅರವತ್ತು ವರ್ಷ, ಕಡ್ಡಿಯಂಥ ಮೈ. ಹರೆಯದಲ್ಲಿ ಸ್ಕೀ ಪಂದ್ಯಗಳಲ್ಲಿ ಹೆಸರು ಮಾಡಿದ್ದ. ಈಗ ಅವನು ಮೆಟ್ಟಿಲು ಹತ್ತಿದರೆ ಮಂಡಿಗಳು ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು.

“ನನ್ನನ್ನೇ ಯಾಕೆ ಕೇಳ್ದೆ?” ಎಂದ ಅವನು.

“ಬೇರೆ ಯಾರೂ ಒಪ್ಪಲಿಲ್ಲ.”

“ನಿಜ ಹೇಳಿದ್ದಕ್ಕೆ ಬರ್ತೀನಿ.”

ಡಿಸೆಂಬರಿನಲ್ಲಿ ಹುಲ್ಲುಗಾವಲಿನಲ್ಲೇ ಒಂದು ಸಣ್ಣ ದಿಬ್ಬ ಕಟ್ಟಿ ಶುರುಮಾಡಿದರು. ಹೊಸ ಕುದುರೆಗೆ ಮೊದಲು ಹಗ್ಗದ ಭಯ ಬಿಡಿಸಬೇಕು. ಹಿಂಗಾಲಿಗೆ ಹಗ್ಗ ತಾಗಿದರೆ ಒದೆಯುವುದು, ಹಿಂದೇನೋ ಅಟ್ಟಿಸಿಕೊಂಡು ಬರುತ್ತಿದೆ ಎಂದು ಬೆದರುವುದು ಸಾಮಾನ್ಯ. ಟಿಲ್ಡಾಗೆ ಅದಾವುದೂ ಇರಲಿಲ್ಲ. ಹಿಂದೆ ಏನಾದರೂ ಇದ್ದರೇ ಅದಕ್ಕೆ ಸಮಾಧಾನ. ಡೋರೀನ್ ಮೇಲೆ ಕೂತು ಹಿಮ್ಮಡಿ ತಾಗಿಸಿದ ಕೂಡಲೇ ನೆಲ ಅದುರುವಂತೆ ಓಡಿತು. ಇಷ್ಟು ವೇಗ ಆ ಮೈಯಲ್ಲಿ ಎಲ್ಲಿ ಅಡಗಿತ್ತೋ, ಅವಳಿಗೇ ಗೊತ್ತಿರಲಿಲ್ಲ.

ಗೇಲನ್ ದಿಬ್ಬ ಹಾರಿದ. ಗಾಳಿಯಲ್ಲಿದ್ದಾಗ ಹಗ್ಗ ಸಡಿಲವಾಯಿತು. ಆ ಕ್ಷಣದಲ್ಲೇ ಟಿಲ್ಡಾ ನಾಲ್ಕೂ ಕಾಲೂರಿ ಗೂಟದಂತೆ ನಿಂತುಬಿಟ್ಟಿತು. ಡೋರೀನ್ ಅದರ ಕುತ್ತಿಗೆಯ ಮೇಲಕ್ಕೆ ಜಾರಿದಳು. ಗೇಲನ್ ಕುದುರೆಯನ್ನೂ ದಾಟಿ ಹೋಗಿ ಬೇಲಿಯ ಬುಡದ ಪೊದೆಯೊಳಗೆ ಹೊಕ್ಕ.

“ನಾನು ಕುದುರೆಗಿಂತ ಮುಂಚೆ ಬಂದೆ,” ಎಂದ, ಬಾಯಿಂದ ಹಿಮ ಉಗುಳುತ್ತ. “ಇದಕ್ಕೆ ಬಹುಮಾನ ಇದೆಯಾ?”

ಹತ್ತು ಸಲ ಮಾಡಿದರೂ ಹತ್ತು ಸಲವೂ ಅದೇ. ಬಾವುಟ ಸುತ್ತುವಾಗ ಹಗ್ಗ ಒಂದಿಷ್ಟು ಜೋಲಿದರೂ ನಿಲ್ಲುತ್ತಿತ್ತು. ಮಂದಿ ನೋಡುತ್ತಿದ್ದರೆ ಹುರುಪು ಬಂದೀತೆಂದು ಜನವರಿಯಲ್ಲಿ ಊರಿನ ಅಭ್ಯಾಸದ ದಿನಕ್ಕೆ ಕರೆದೊಯ್ದರು. ಅಲ್ಲಿ ಮೈಕಿನಲ್ಲಿ ರಾಯ್ಸ್ ಇದ್ದ.

“ನೋಡಿ ನೋಡಿ, ಸ್ಕೀ ಮುಂದೆ, ಕುದುರೆ ಹಿಂದೆ. ಇದು ಹೊಸ ಆಟ. ಕ್ವಾಲೆ ಮನೆತನದ ಕೊಡುಗೆ.”

ಬೀದಿಯುದ್ದಕ್ಕೂ ನಗೆ ಹರಿಯಿತು. ಡೋರೀನ್ ಲಗಾಮು ತಿರುಗಿಸಿ, ಯಾರ ಮುಖವನ್ನೂ ನೋಡದೆ, ನಿಧಾನವಾಗಿ ಹೋದಳು. ಬೇಗ ಹೋದರೆ ಓಡಿಹೋದಳು ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು.

ಮರುದಿನ ಕೊಟ್ಟಿಗೆಯಲ್ಲಿ ಟಿಲ್ಡಾಳ ಮೈ ಉಜ್ಜುತ್ತಿದ್ದಾಗ ಡೋರೀನಳ ಕೈ ತಟ್ಟನೆ ನಿಂತಿತು. ಹನ್ನೊಂದು ವರ್ಷದ ಹಿಂದೆ ಮೇವು ಹಾಕುವಾಗ, ಕುದುರೆಗಳನ್ನು ಬಂಡಿಗೆ ಜೋಡಿಸುವ ಕಬ್ಬಿಣದ ಮೊಳೆ ಮುರಿದಿತ್ತು. ಭಾರ ತಟ್ಟನೆ ಕಳಚಿದ್ದಕ್ಕೆ ಹಳೆಯ ಜೋಡಿ ಬೆದರಿ ಓಡಿತು. ಲಗಾಮು ಹಿಡಿದಿದ್ದ ಅಪ್ಪ ಬಂಡಿಯ ಮುಂದಕ್ಕೆ ಬಿದ್ದ, ಕುದುರೆಗಳು ಅವನನ್ನು ಎಳೆದುಕೊಂಡು ಹೋದವು. ಸೊಂಟದ ಮೂಳೆ ಮುರಿಯಿತು. ಮತ್ತೆಂದೂ ಬಂಡಿ ಹತ್ತಲಿಲ್ಲ. ಆ ಚಳಿಗಾಲವೆಲ್ಲ ಡೋರೀನ್ ಎಳೆಯ ಜೋಡಿಗೆ ಒಂದೇ ಪಾಠ ಹೇಳಿದಳು. ಬೇಕೆಂದೇ ಮೊಳೆ ಕೀಳುವಳು, ಭಾರ ಕಳಚುವುದು, ಕುದುರೆಗಳು ನಿಲ್ಲಬೇಕು. ಇನ್ನೂರು ಸಲವಾದರೂ ಮಾಡಿರಬೇಕು.

ಗೇಲನ್ ಬಂದಾಗ ಅವಳು ಹೇಳಿದಳು. “ಅವಳು ತಪ್ಪು ಮಾಡ್ತಿಲ್ಲ. ನಾನು ಕಲಿಸಿದ್ದನ್ನ ಮಾಡ್ತಿದಾಳೆ. ಹಿಂದಿನ ಭಾರ ಹೋದ್ರೆ ಏನೋ ಮುರಿದಿದೆ, ಯಾರೋ ಬಿದ್ದಿದಾರೆ, ನಿಲ್ಲು ಅಂತ.”

“ಹಾಗಿದ್ರೆ ಅದನ್ನ ಮರೆಸು.”

“ಮರೆಸಲ್ಲ. ಒಂದು ಆಟಕ್ಕೋಸ್ಕರ ಜೀವ ಉಳಿಸೋ ಪಾಠ ಮರೆಸೋಳಲ್ಲ ನಾನು.”

“ಹಗ್ಗ ಸಡಿಲ ಆಗದೆ ದಿಬ್ಬ ಹಾರೋ ಮನುಷ್ಯ ಇನ್ನೂ ಹುಟ್ಟಿಲ್ಲ, ಡೋರೀನ್.”

“ಗೊತ್ತು. ಆದ್ರೆ ಅವಾಗ ಮೊಳೆ ಮತ್ತೆ ಹಾಕಿದ ಮೇಲೆ ಅವಳು ಹೊರಡ್ತಿದ್ಲಲ್ಲ. ಹೇಗೆ ಹೊರಡ್ತಿದ್ಲು?” ಅವಳು ತನ್ನನ್ನೇ ಕೇಳಿಕೊಂಡಳು, ತಾನೇ ಉತ್ತರವನ್ನೂ ಹೇಳಿದಳು. “ನಾನು ಹಿಂದಿನಿಂದ ‘ಸರಿ ಇದೆ, ನಡಿ ಮಗಳೇ’ ಅಂತಿದ್ದೆ.”

ಒಬ್ಬರೇ ಮೇವು ಹಾಕುವಾಗ ಲಗಾಮು ಹಿಡಿಯಲು ಕೈ ಬಿಡುವಿರುವುದಿಲ್ಲ. ಅದನ್ನು ಗೂಟಕ್ಕೆ ಸುತ್ತಿ, ಬಂಡಿಯ ಹಿಂಬದಿಯಲ್ಲಿ ನಿಂತು, ಮಾತಿನಲ್ಲೇ ಕುದುರೆ ನಡೆಸುತ್ತಾರೆ. ಹನ್ನೊಂದು ವರ್ಷ ಟಿಲ್ಡಾ ಕೇಳಿದ್ದು ಹಿಂದಿನಿಂದ ಬರುವ ಡೋರೀನಳ ದನಿಯನ್ನು. ಈಗ ಅದೇ ದನಿ ಬೆನ್ನ ಮೇಲಿಂದ ಬರುತ್ತಿತ್ತು. ಪ್ರತಿ ಸಲ ನಿಂತಾಗಲೂ ಅದರ ಎರಡೂ ಕಿವಿ ಹಿಂದಕ್ಕೆ ತಿರುಗುತ್ತಿದ್ದದ್ದನ್ನು ಡೋರೀನ್ ನೋಡಿದ್ದಳು, ಅರ್ಥ ಮಾಡಿಕೊಂಡಿರಲಿಲ್ಲ. ಬಂಡಿಯ ಮೇಲಿನವಳು ಬದುಕಿದ್ದಾಳೆಯೇ ಎಂದು ಅದು ಕಾಯುತ್ತಿತ್ತು.

ಗೇಲನ್ ಹಿಂದಿನಿಂದ ಅದೇ ಮಾತು ಹೇಳಿ ನೋಡಿದ. ಟಿಲ್ಡಾ ಕತ್ತು ತಿರುಗಿಸಿ, ನೀನ್ಯಾವನೋ ಎನ್ನುವಂತೆ ನೋಡಿ, ಅಲ್ಲೇ ನಿಂತಿತು.

“ಹಾಗಿದ್ರೆ ನಾನೇ ಹಿಂದೆ ಬರ್ತೀನಿ,” ಎಂದಳು ಡೋರೀನ್. “ನೀನು ಮೇಲೆ ಕೂತ್ಕೋ.”

“ನಿಂಗೆ ತಲೆ ಕೆಟ್ಟಿದೆ. ಕೊನೇ ಸಲ ಸ್ಕೀ ಹಾಕಿದ್ದು ಯಾವಾಗ?”

“ಸ್ಕೂಲಲ್ಲಿ.”

“ಅದು ಯಾವ ಶತಮಾನ?”

“ನೀನು ಕೊನೇ ಸಲ ಕುದುರೆ ಹತ್ತಿದ್ದು?”

“ಅದೇ ಶತಮಾನ.”

ಪಂದ್ಯಕ್ಕೆ ನಾಲ್ಕು ವಾರವಿತ್ತು. ಗೇಲನ್ ಅವಳನ್ನು ತನ್ನ ಗುಡ್ಡಕ್ಕೆ ಕರೆದುಕೊಂಡು ಹೋಗಿ ಮಕ್ಕಳು ಕಲಿಯುವ ಇಳಿಜಾರಿನಲ್ಲಿ ನಿಲ್ಲಿಸಿದ. ಅವಳ ಬಸ್ಸಿನ ಮಕ್ಕಳೇ ಅವಳನ್ನು ದಾಟಿ ಜಾರುತ್ತ, “ಮಂಡಿ ಬಗ್ಗಿಸಿ, ಮಿಸ್ ಡೋರೀನ್,” ಎಂದು ಕೂಗುತ್ತಿದ್ದರು. ಮೊದಲ ವಾರ ನಲವತ್ತೊಂದು ಸಲ ಬಿದ್ದಳು. ಎಣಿಸಿದವನು ಗೇಲನ್, ಹೇಳಬೇಡ ಎಂದರೂ ಹೇಳಿದ. ಎರಡನೆಯ ವಾರದಿಂದ ಅವಳು ಬಸ್ಸಿನ ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂರತೊಡಗಿದಳು. ಮೂರನೆಯ ವಾರ ಟಿಲ್ಡಾಳ ಹಿಂದೆ ಹಗ್ಗ ಹಿಡಿದಳು. ಹುಟ್ಟಿದಾಗಿನಿಂದ ಲಗಾಮು ಸುತ್ತಿದ ಕೈ ಅದು. ಭಯವಾದಾಗ ಹಗ್ಗವನ್ನು ತಾನಾಗಿಯೇ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿತ್ತು.

“ಸುತ್ಕೊಂಡ್ರೆ ಕೈ ಕಿತ್ತು ಬರುತ್ತೆ,” ಎಂದು ಗೇಲನ್ ಜೀನಿನ ಮುಂದೆ ಕೊಂಬಿನಂತೆ ಚಾಚಿದ ಹಿಡಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂಗುತ್ತಿದ್ದ. “ಬರೀ ಹಿಡ್ಕೋ.”

“ನೀನು ಆ ಕೊಂಬು ಬಿಟ್ಟು ಲಗಾಮು ಹಿಡಿ, ಆಮೇಲೆ ನಂಗೆ ಹೇಳು.”

ಆದರೆ ಹಗ್ಗ ಸಡಿಲಿದಾಗ ಅವಳು ಹಿಂದಿನಿಂದ “ಸರಿ ಇದೆ, ನಡಿ ಮಗಳೇ” ಎಂದರೆ ಟಿಲ್ಡಾ ಹೆಜ್ಜೆ ತಪ್ಪಿಸದೆ ಓಡುತ್ತಿತ್ತು. ಕೂಗುವಂತಿರಲಿಲ್ಲ. ಗಾಬರಿಯ ದನಿಯಾದರೆ ಏನೋ ಮುರಿದಿದೆ ಎಂದು ನಿಲ್ಲುತ್ತಿತ್ತು. ಮೇವು ಹಾಕುವವಳ ಸಾವಧಾನದ ದನಿಯೇ ಬೇಕು.

ಒಂದು ರಾತ್ರಿ ಊಟಕ್ಕೆ ಅವಳು ಕುಂಟುತ್ತ ಬಂದು ಕೂತದ್ದನ್ನು ರಾಯ್ಸ್ ನೋಡಿದ. “ಬಿಟ್ಬಿಡು, ಡೋರಿ. ಹೋಟೆಲಲ್ಲಿ ಅವಳನ್ನ ಚೆನ್ನಾಗಿ ನೋಡ್ಕೋತಾರೆ. ನೀನು ಕಾಲು ಮುರ್ಕೊಂಡ್ರೆ ನಿನ್ನನ್ನ ನೋಡ್ಕೊಳ್ಳೋರು ಯಾರು?”

“ಉಪ್ಪು ಕೊಡು,” ಎಂದಳು ಡೋರೀನ್.

ಶನಿವಾರ ಬೆಳಿಗ್ಗೆ ಹೆಸರು ಬರೆಯುವ ಮೇಜಿನ ಹಿಂದೆ ಆರ್ಲಿಸ್ ಬೆಂಕೊ ಕೂತಿದ್ದಳು. ಡೋರೀನಳ ಜೊತೆ ಓದಿದವಳು.

“ಸವಾರ ಡೋರೀನ್, ಸ್ಕೀ ಗೇಲನ್ ಅಲ್ವಾ?”

“ತಿರುಗಿಸಿ ಬರಿ.”

ಆರ್ಲಿಸ್ ಪೆನ್ನು ಕೆಳಗಿಟ್ಟಳು. “ವಯಸ್ಸೂ ಬರೀಬೇಕು ಇಲ್ಲಿ.”

“ಐವತ್ತೆರಡು. ಕಾಣದಿದ್ರೆ ದೊಡ್ಡಕ್ಷರದಲ್ಲಿ ಬರಿ.”

ಅಲ್ಲಿಂದ ಅವಳು ಬೀದಿಯ ನಡುಭಾಗದಲ್ಲಿ ಪಕ್ಕಕ್ಕೆ ಕಟ್ಟಿದ್ದ ಅಟ್ಟಣಿಗೆಗೆ ಹೋದಳು. ಮೈಕ್ ಪರೀಕ್ಷಿಸುತ್ತಿದ್ದ ರಾಯ್ಸ್‌ಗೆ ಹೇಳಿದಳು: “ನಾನು ಓಡೋವಾಗ ಬಾಯಿ ಮುಚ್ಕೊಂಡಿರು. ಅವಳಿಗೆ ನನ್ನ ದನಿ ಕೇಳಬೇಕು.”

“ಮಾತಾಡೋದು ನನ್ನ ಕೆಲಸ, ಡೋರಿ.”

“ಹಾಗಿದ್ರೆ ಕಡಿಮೆ ಕೆಲಸ ಮಾಡು.”

ಹೊಸಬರ ಓಟದಲ್ಲಿ ಒಂಬತ್ತು ಜೋಡಿ. ಡೋರೀನಳದು ಏಳನೆಯ ಸರದಿ. ಮುಂಚಿನ ಕುದುರೆಗಳು ಶುರುವಿನ ಗೆರೆಯಲ್ಲಿ ಗಿರಕಿ ಹೊಡೆಯುತ್ತ, ಕಚ್ಚುತ್ತ ನಿಂತಿದ್ದವು. ಟಿಲ್ಡಾ ಮೇವಿನ ಬಂಡಿಗೆ ಕಟ್ಟುವುದನ್ನು ಕಾಯುವಂತೆ ಒಂದು ಕಾಲಿಗೆ ವಿಶ್ರಾಂತಿ ಕೊಟ್ಟು ನಿಂತಿತ್ತು. “ಇದು ಎದ್ದಿದೆಯಾ?” ಎಂದು ಯಾರೋ ಕೇಳಿದರು. ಗೇಲನ್ ಹೆಲ್ಮೆಟ್ ಬಿಗಿ ಮಾಡಿಕೊಂಡು, “ಮೇಲಿರೋನಿಗಿಂತ ಚೆನ್ನಾಗಿ ಎದ್ದಿದೆ,” ಎಂದ.

ಶುರುವಿನ ಬಾವುಟ ಕೆಳಗಿಳಿಯಿತು. “ನಡಿ ಮಗಳೇ,” ಎಂದಳು ಡೋರೀನ್. ಹಗ್ಗ ಬಿಗಿಯಿತು. ಗೊರಸಿನಿಂದ ಚಿಮ್ಮಿದ ಹಿಮದ ಹೆಂಟೆಗಳು ಅವಳ ಎದೆಗೆ, ಕೆನ್ನೆಗೆ ಬಡಿದವು. ಬಳೆಗಳ ಕಡೆ ಕೈ ಚಾಚಲಿಲ್ಲ. ಎರಡೂ ಕೈ ಹಗ್ಗಕ್ಕೇ ಇರಲಿ, ದಂಡ ಬಿದ್ದರೆ ಬೀಳಲಿ ಎಂದು ಮೊದಲೇ ತೀರ್ಮಾನಿಸಿದ್ದಳು. ಮೊದಲ ಬಾವುಟ ದಾಟಿದಳು, ಎರಡನೆಯದನ್ನೂ ದಾಟಿದಳು. ಮೊದಲ ದಿಬ್ಬ ಬಂತು. ಗಾಳಿಯಲ್ಲಿರುವಾಗಲೇ ದನಿ ಇಳಿಸಿ ಹೇಳಿದಳು: “ಸರಿ ಇದೆ, ನಡಿ ಮಗಳೇ.” ಟಿಲ್ಡಾಳ ಕಿವಿ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋದವು. ಓಟ ನಿಲ್ಲಲಿಲ್ಲ.

ಅಟ್ಟಣಿಗೆ ಹತ್ತಿರವಾಗುತ್ತಿತ್ತು. ಧ್ವನಿವರ್ಧಕ ಗುಡುಗಿತು. “ಬರ್ತಿದಾಳೆ ನಮ್ಮಕ್ಕ, ಜೊತೆಗೆ ನಮ್ಮ ಹುಲ್ಲಿನ ಬಂಡಿ. ಅಂಗಡಿಯವರೇ, ಗಾಜು ಹಿಡ್ಕೊಳಿ. ನೋಡಿ ನೋಡಿ, ಎರಡನೇ ದಿಬ್ಬ—”

ಡೋರೀನ್ ಹಾರಿದಳು, ಹೇಳಬೇಕಾದದ್ದನ್ನು ಹೇಳಿದಳು. ಅದು ಅವಳ ಕಿವಿಗೇ ಕೇಳಿಸಲಿಲ್ಲ. ಹಗ್ಗ ಸಡಿಲವಾಯಿತು. ಟಿಲ್ಡಾಳ ಕಿವಿ ಹಿಂದಕ್ಕೆ ತಿರುಗಿ ಹುಡುಕಿದವು, ಏನೂ ಸಿಗಲಿಲ್ಲ. ನಾಲ್ಕೂ ಕಾಲೂರಿ ನಿಂತಿತು. ಗೇಲನ್ ಕುತ್ತಿಗೆ ತಬ್ಬಿಕೊಂಡ. ಡೋರೀನ್ ಸ್ಕೀಗಳ ಮುಂತುದಿ ಒಟ್ಟುಗೂಡಿಸಿ ಹಿಮ ಕೆರೆಯುತ್ತ ಜಾರಿ, ಕುದುರೆಯ ಬಾಲಕ್ಕೆ ಎರಡು ಮಾರು ದೂರದಲ್ಲಿ ನಿಂತಳು. ಬಿದ್ದಿರಲಿಲ್ಲ. ಹಗ್ಗ ಕೈಯಲ್ಲೇ ಇತ್ತು. ಗಡಿಯಾರ ಓಡುತ್ತಿತ್ತು.

“ಅಯ್ಯೋ, ಮತ್ತೆ ನಿಂತ್ಲು,” ಎನ್ನುತ್ತಿತ್ತು ಧ್ವನಿವರ್ಧಕ. “ಏನು ಮಾಡೋದು ಪಾಪ, ವಯಸ್ಸಾದ ಮೇಲೆ—”

ನಲವತ್ತು ದನಗಳ ಹಿಂಡನ್ನು ಹೊಳೆಯಾಚೆಯಿಂದ ಕರೆಯುವಂಥ ಗಂಟಲು ಅದು. ಅಂಥ ಗಂಟಲನ್ನು ಐವತ್ತೆರಡು ವರ್ಷದಲ್ಲಿ ಡೋರೀನ್ ಮನುಷ್ಯರ ಮೇಲೆ ಒಮ್ಮೆಯೂ ಬಳಸಿರಲಿಲ್ಲ.

“ರಾಯ್ಸ್ ಕ್ವಾಲೆ, ಬಾಯಿ ಮುಚ್ಚು.”

ಮೈಕಿಲ್ಲದ ಆ ದನಿ ಬೀದಿಯ ಎರಡೂ ತುದಿಗೆ ಮುಟ್ಟಿತು. ಮೈಕ್ ಸುಮ್ಮನಾಯಿತು. ನಗುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಒಂದು ನಾಯಿ ಬೊಗಳಿತು, ಅದನ್ನೂ ಯಾರೋ ಸುಮ್ಮನಾಗಿಸಿದರು.

ಡೋರೀನ್ ಒಂದು ಉಸಿರು ಎಳೆದುಕೊಂಡಳು. ಹುಲ್ಲಿನ ರಾಶಿಯ ಮೇಲೆ ನಿಂತವಳ ದನಿಯಲ್ಲಿ, ಅವಸರವೇ ಇಲ್ಲದೆ ಹೇಳಿದಳು: “ಸರಿ ಇದೆ. ನಡಿ ಮಗಳೇ.”

ಟಿಲ್ಡಾ ತಲೆ ತಗ್ಗಿಸಿ, ತುಂಬಿದ ಬಂಡಿ ಎಳೆಯುವಂತೆ ಭುಜ ಒಡ್ಡಿ ಹೊರಟಿತು. ನಿಂತಲ್ಲಿಂದ ಹೊರಡುವುದರಲ್ಲಿ ಅದನ್ನು ಮೀರಿಸುವ ಕುದುರೆ ಆ ಬೀದಿಯಲ್ಲಿರಲಿಲ್ಲ. ಆರು ಹೆಜ್ಜೆಗೆ ಓಟಕ್ಕೆ ಬಂತು. ಮೂರನೆಯ ದಿಬ್ಬದಲ್ಲಿ ಡೋರೀನ್ ಗೋಣಿಚೀಲದಂತೆ ಧೊಪ್ಪನೆ ಇಳಿದಳು, ಬೀಳಲಿಲ್ಲ, ಆದರೆ ಒಂದು ಸ್ಕೀ ಕಳಚಿ ಹೋಯಿತು. ಇಡೀ ಬೀದಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಒಬ್ಬ ಹೆಂಗಸು ಒಂಟಿಕಾಲಿನ ಮೇಲೆ ಜಾರುತ್ತ, ಅಡುಗೆಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ ಕುದುರೆಯ ಜೊತೆ ಮಾತಾಡುತ್ತಿದ್ದಳು. “ಸರಿ ಇದೆ. ಸರಿ ಇದೆ. ನಡಿ.” ಕೊನೆಯ ಗೆರೆ ಹಾಗೇ ದಾಟಿದರು. ನಿಯಮದ ಪ್ರಕಾರ ಒಂದು ಸ್ಕೀ ಇದ್ದರೆ ಸಾಕು.

ಆಮೇಲೆ ಮೈಕಿನಲ್ಲಿ ರಾಯ್ಸ್, ತಮಾಷೆಯೇನೂ ಸೇರಿಸದೆ ಓದಿದ. “ಟಿಲ್ಡಾ. ಸವಾರ ಪಿಕಾಟ್, ಸ್ಕೀ ಕ್ವಾಲೆ. ದಂಡ ಸೇರಿ ನಲವತ್ತೇಳು ಸೆಕೆಂಡ್. ಟೈಮ್ ಬಂದಿದೆ.”

ಗೇಲನ್ ಜೀನಿನಿಂದ ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಡೋರೀನ್ ಕಂಬಳಿ ಹೊದಿಸಿ, ಬೆವರಿದ ಕುದುರೆ ಚಳಿಯಲ್ಲಿ ನಿಲ್ಲಬಾರದೆಂದು ನಡೆಸತೊಡಗಿದಳು. ಓಟವೆಲ್ಲ ಮುಗಿದ ಮೇಲೆ ರಾಯ್ಸ್ ಅಟ್ಟಣಿಗೆಯಿಂದ ಇಳಿದು ಬಂದು ಅವಳ ಪಕ್ಕದಲ್ಲಿ ಹೆಜ್ಜೆ ಹಾಕಿದ.

“ಕೊನೆಯಿಂದ ಎರಡನೇ ಜಾಗ,” ಎಂದ.

“ಹಾಗಂದ್ರೆ ನಮ್ಮ ಹಿಂದೆ ಒಬ್ರಿದಾರೆ.”

“ಹೋಟೆಲಿನವನಿಗೆ ಬೇಡ ಅಂತ ಹೇಳಿದೀನಿ.” ಜಾರುತ್ತಿದ್ದ ಕಂಬಳಿಯ ಅಂಚನ್ನು ಸರಿಮಾಡಿದ. “ಎಲ್ಲರೆದುರಿಗೆ ಹಾಗಂದ್ಯಲ್ಲ, ಡೋರಿ.”

“ಎಲ್ಲರೆದುರಿಗೆ ನೀನೂ ಅಂದೆ.”

ಹೆಸರು ಬರೆಯುವ ಮೇಜಿನ ಹತ್ತಿರ ಡೋರೀನ್ ನಿಂತಳು. ಆರ್ಲಿಸ್ ಕಾಗದಗಳನ್ನು ಮಡಚಿಡುತ್ತಿದ್ದಳು.

“ಭಾನುವಾರದ ಓಟಕ್ಕೂ ನಮ್ಮದು ಬರಿ.”

“ಟೈಮ್ ಬಂತಲ್ಲ, ಕುದುರೆ ಉಳೀತಲ್ಲ,” ಎಂದ ರಾಯ್ಸ್. “ನಾಳೆ ಮತ್ತೆ ಯಾಕೆ? ನಿನ್ನ ಕಾಲು ನೋಡ್ಕೋ.”

“ಕೆಲಸ ಅಂದ್ರೆ ಒಂದು ದಿನ ಮಾಡಿ ಬಿಡೋದಲ್ಲ, ರಾಯ್ಸ್.” ಅವಳು ಆರ್ಲಿಸ್ ಕಡೆ ತಿರುಗಿದಳು. “ಇನ್ನೊಂದು ಬರ್ಕೋ. ನಾವು ಓಡೋವಾಗ ಮೈಕ್ ಆಫ್ ಇರಬೇಕು.”

“ಅಂಥ ನಿಯಮ ಇಲ್ಲ, ಡೋರೀನ್.”

“ಇಲ್ಲ ಅಂತ ಗೊತ್ತು. ಅದಕ್ಕೇ ಬರ್ಕೋ ಅಂದದ್ದು.”

ಆರ್ಲಿಸ್ ರಾಯ್ಸ್‌ನ ಮುಖ ನೋಡಿದಳು. ರಾಯ್ಸ್ ಟೋಪಿ ತೆಗೆದು, ಅದರ ಮೇಲಿನ ಹಿಮ ಕೊಡವಿ, ಮತ್ತೆ ಹಾಕಿಕೊಂಡ. ಇಲ್ಲ ಎನ್ನಲಿಲ್ಲ. ಆರ್ಲಿಸ್ ಪೆನ್ನು ತೆಗೆದಳು. ಅವಳು ಬರೆದು ಮುಗಿಸುವವರೆಗೂ ಡೋರೀನ್ ಅಲ್ಲಿಂದ ಕದಲಲಿಲ್ಲ.